ಮುಗಿಯದ ಹಾಡಿನ ಒಂದು ಸ್ವರ

ಫೆಬ್ರವರಿ ೪, ಬುಧವಾರ

ಗಂಟಲಿನ ವೈದ್ಯರು ಒಳ್ಳೆಯ ಮನುಷ್ಯ. ತೆಳ್ಳನೆಯ ಕೊಳವೆಯೊಂದನ್ನು ಮೂಗಿನಿಂದ ಇಳಿಸಿ, ನನ್ನ ಧ್ವನಿತಂತುಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. ಒದ್ದೆಯಾದ ಎರಡು ಬಿಳಿ ಪಟ್ಟಿಗಳು. ಇಷ್ಟು ವರ್ಷ ಗಾಯನ ಬಳಗದ ಮುಂದೆ ನಿಂತು ಹಾಡಿದ್ದು ಇವೇ ಎಂದು ನಂಬುವುದು ಕಷ್ಟ.

"ದಪ್ಪ ಆಗಿವೆ. ವಯಸ್ಸಿನ ಜೊತೆ ಆಗುತ್ತೆ, ಕಾಯಿಲೆ ಅಲ್ಲ. ಮಾತಾಡೋಕೆ ಏನೂ ತೊಂದರೆ ಇಲ್ಲ."

"ಹಾಡೋಕೆ?"

"ತಗ್ಗಿನಲ್ಲಿ ಹಾಡಿ. ಮೇಲಿನ ಸ್ವರಗಳನ್ನ ಮರೆತುಬಿಡಿ."

ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ದಿನವೂ ನಾನು ಜನರಿಗೆ ಹೇಳುವ ಮಾತು ಇದೇ. ವಯಸ್ಸಿನ ಜೊತೆ ಆಗುತ್ತೆ, ಕಾಯಿಲೆ ಅಲ್ಲ. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕೇಳಿದವರು ಯಾಕೆ ಗೋಡೆ ನೋಡುತ್ತಾ ಕೂರುತ್ತಾರೆ ಎಂದು ಇವತ್ತು ತಿಳಿಯಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಲಿಫ್ಟ್ ರಿಪೇರಿಯ ಕೆಲಸ ಇವರದು. ಜಗತ್ತೆಲ್ಲ ಇವರಿಗೆ ಮಹಡಿಗಳ ಲೆಕ್ಕದಲ್ಲೇ ಕಾಣುತ್ತದೆ. "ಕೆಳಗಿನ ಮಹಡಿಗಳು ಓಡ್ತವೆ ತಾನೆ?" ಎಂದರು. ನಾನು ನಗಲಿಲ್ಲ.

ಮಾರ್ಚ್‌ನ ಕಾರ್ಯಕ್ರಮಕ್ಕೆ ಮಾತು ಕೊಟ್ಟಾಗಿದೆ. ಅದೊಂದನ್ನು ಮುಗಿಸಿ ಬಳಗ ಬಿಡುತ್ತೇನೆ. ಹಾಡುವುದನ್ನೇ ಬಿಡುತ್ತೇನೆ. ಅರ್ಧ ಬಾಗಿಲು ತೆರೆದಿಟ್ಟು ಕೂರುವುದು ನನ್ನ ಸ್ವಭಾವವಲ್ಲ.

ಫೆಬ್ರವರಿ ೧೦, ಮಂಗಳವಾರ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅಭ್ಯಾಸ. ಮಡಚುವ ಕುರ್ಚಿಗಳು, ಕಟ್ಟು ಕಟ್ಟಿಟ್ಟ ಹಳೆಯ ಪತ್ರಿಕೆಗಳ ವಾಸನೆ. ಮೇಷ್ಟ್ರು ಎರಡು ಸುದ್ದಿ ತಂದಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಈ ಬಳಗವನ್ನು ಕಟ್ಟಿದವರು ಅವರು. ಈಗಲೂ ಕೈಯಲ್ಲಿ ಸೀಮೆಸುಣ್ಣ ಇದ್ದಂತೆಯೇ ತಾಳ ಹಾಕುತ್ತಾರೆ.

ಮೊದಲ ಸುದ್ದಿ: ಚಾವಣಿಯಿರುವ ನಮ್ಮ ಹಳೆಯ ಈಜುಕೊಳದ ದುರಸ್ತಿ ಮುಗಿದಿದೆ, ನೀರು ತುಂಬುವ ಮೊದಲು ಖಾಲಿ ಕೊಳದೊಳಗೇ ನಿಂತು ನಾವು ಹಾಡಬೇಕು, ಜನ ದಡದ ಸುತ್ತ ಕೂತು ಕೇಳುತ್ತಾರೆ. ಎರಡನೆಯದು: ಕೊನೆಯ ಹಾಡು ಒಂದು ಪಾಪ್ ಹಾಡು.

ಯಾವುದೆಂದು ಹೇಳಿದ ಕೂಡಲೇ ನೆಲಮಾಳಿಗೆ ಶಾಲಾ ಬಸ್ಸಿನಂತಾಯಿತು. ನನ್ನ ವಯಸ್ಸಿನವರೆಲ್ಲ ಬಲ್ಲ ಹಾಡು. ನ್ಯೂ ವೇವ್ ಎಂದು ಕರೆಸಿಕೊಂಡ ಕಾಲದ್ದು: ನಾಲ್ವರ ಗುಂಪು, ಓರೆಯಾಗಿ ಕತ್ತರಿಸಿದ ಕೂದಲು, ಎರಡು ಸಿಂಥಸೈಜರ್ ಕೀಬೋರ್ಡು, ಒಬ್ಬರ ಮುಖದಲ್ಲೂ ನಗು ಇಲ್ಲ. ಆ ಒಂದು ಹಾಡಿನ ಡಿಸ್ಕ್ ಬಿಟ್ಟರೆ ಅವರ ಮತ್ತೊಂದು ಹಾಡು ಯಾರಿಗೂ ನೆನಪಿಲ್ಲ. ಹೈಸ್ಕೂಲಿನ ದಿನಗಳಲ್ಲಿ ಎದುರು ಮನೆಯ ಕಿಟಕಿಯಿಂದ ಕೇಳಿಬರುತ್ತಿತ್ತು. ನಾನು ನಮ್ಮ ಕಿಟಕಿ ಮುಚ್ಚುತ್ತಿದ್ದೆ.

ವಾದ್ಯಗಳಿಲ್ಲ, ಎಲ್ಲವೂ ಬಾಯಲ್ಲೇ. ಡ್ರಮ್ ಮಿಷನ್ನಿನ ಪಾಲು ಬೇಕರಿಯವನಿಗೆ. ಹಿಟ್ಟು ನಾದುವ ಆ ದಪ್ಪ ಮನುಷ್ಯ ಅಷ್ಟು ಸಣ್ಣ ಸಣ್ಣ ಶಬ್ದ ಮಾಡಬಲ್ಲ ಎಂದು ಯಾರಿಗೆ ಗೊತ್ತಿತ್ತು? ಮುಂದೆ ನಿಂತು ಹಾಡುವುದು ಔಷಧದಂಗಡಿಯ ಹುಡುಗಿ. ಗಂಟಲಿನ ಸುದ್ದಿ ಮೊದಲೇ ತಿಳಿಸಿದ್ದೆ; ನನಗೆ ಮೇಷ್ಟ್ರು ಹಾಳೆ ಕೊಡುವಾಗ ಮುಖ ನೋಡಲಿಲ್ಲ.

ಹಾಳೆಯ ತುಂಬ ಒಂದೇ ಸ್ವರ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಗೋಡೆಯ ಮೇಲೆ ಇರುವೆಗಳು ಹೊರಟಂತೆ.

"ಏನಿದು ಮೇಷ್ಟ್ರೇ?"

"ಸಿಂಥಸೈಜರ್. ಹಿಂದುಗಡೆ ಟುಕ್ ಟುಕ್ ಟುಕ್ ಅಂತ ಬರುತ್ತಲ್ಲ, ಅದು."

"ಇಡೀ ಹಾಡಿಗೆ?"

"ಇಡೀ ಹಾಡಿಗೆ. ಒಬ್ಬರಿಗೆ ಉಸಿರು ಸಾಲಲ್ಲ, ಅದಕ್ಕೇ ಇಬ್ಬರು."

ಇನ್ನೊಬ್ಬರು ಅನೌನ್ಸರಮ್ಮ. ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಓದಿ ಓದಿ ಈಗ ಪಿಂಚಣಿ ಪಡೆಯುತ್ತಿರುವವರು. ಅವರ ಗಂಟಲಿನಲ್ಲಿ ಏರಿಳಿತ ಎಂಬುದೇ ಇಲ್ಲ. ಬಳಗಕ್ಕೆ ಸೇರಿಸಿಕೊಂಡದ್ದೇ ಕರುಣೆಯಿಂದ ಎಂದು ಎಲ್ಲರಿಗೂ ಗೊತ್ತು, ಅವರಿಗೂ. "ಬಾಮ್ಮ ಬಾ," ಎಂದು ಪಕ್ಕದ ಕುರ್ಚಿ ತಟ್ಟಿದರು. "ಡಬ್ಬಿಗಳು ಬರೋದು ಹೋಗೋದು ಅವರ ತಲೆನೋವು. ನಮ್ಮದು ಬರೀ ಚಕ್ರ."

ಫೆಬ್ರವರಿ ೧೩, ಶುಕ್ರವಾರ

ಹಾಡನ್ನು ಕೇಳಿದೆ. ಕಿಟಕಿ ಮುಚ್ಚದೆ ಮೊದಲಿನಿಂದ ಕೇಳಿದ್ದು ಇದೇ ಮೊದಲು.

ಖಾಲಿ ಮಾಡಿ ಬಂದ ಮನೆಗೆ ಒಬ್ಬಳು ಫೋನ್ ಮಾಡುತ್ತಾಳೆ. ಅಲ್ಲಿ ಯಾರೂ ಇಲ್ಲ, ಅವಳಿಗೂ ಗೊತ್ತು. ಫೋನು ಬಡಿದುಕೊಳ್ಳುತ್ತಿರುವ ಕೋಣೆಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ: ಹಜಾರ, ಮೆಟ್ಟಿಲ ಕೆಳಗೆ, ಕನ್ನಡಿ ಇದ್ದ ಗೋಡೆ. ಪಲ್ಲವಿಯಲ್ಲಿ, ಯಾರಾದರೂ ಇದ್ದರೆ ದಯವಿಟ್ಟು ಎತ್ತಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಇಷ್ಟೇ. ಅಳು ಬರಿಸುವ ವಿಷಯ. ಆದರೆ ಬಾಣಲೆಯಲ್ಲಿ ಸಿಡಿಯುವ ಎಣ್ಣೆಯ ಹಾಗೆ ಕುಣಿಯುತ್ತದೆ. ಹಾಡುವವಳ ಧ್ವನಿ ಚಪ್ಪಟೆ. ಒಂದು ಕಡೆಯೂ ನಡುಗಿಸುವುದಿಲ್ಲ, ಒಂದು ಕಡೆಯೂ ಎಳೆಯುವುದಿಲ್ಲ. ಭಾವ ಬೇಕಿದ್ದರೆ ನೀವೇ ತಂದುಕೊಳ್ಳಿ ಎನ್ನುವ ಗತ್ತು.

ನನ್ನ ಸ್ವರವನ್ನು ಹುಡುಕಿದೆ. ಶುರುವಿನಿಂದಲೂ ಇದೆ. ಇದೆ ಎಂದು ಗೊತ್ತಾಗದಷ್ಟು ಇದೆ.

ಸುಲಭದ ಸಂಗೀತ. ಆದರೂ ನಾಲ್ಕು ಸಲ ಕೇಳಿದೆ, ಅಭ್ಯಾಸಕ್ಕೆ ಬೇಕಲ್ಲ.

ಫೆಬ್ರವರಿ ೧೭, ಮಂಗಳವಾರ

ಇವತ್ತು ಪೂರಾ ಗೊಂದಲ. ಇಬ್ಬರೂ ಒಂದೇ ಸಲ ಉಸಿರೆಳೆಯಬಾರದು: ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರು ಕದ್ದು ಉಸಿರು ತೆಗೆದುಕೊಳ್ಳಬೇಕು, ಕೇಳುವವರಿಗೆ ಎಲ್ಲೂ ಹರಿದಂತೆ ಕೇಳಿಸಬಾರದು. ನಾನು ಮರ್ಯಾದೆಗೆ ಅನೌನ್ಸರಮ್ಮ ಮೊದಲು ಎಳೆದುಕೊಳ್ಳಲಿ ಎಂದು ಕಾದೆ. ಅವರು ಮರ್ಯಾದೆಗೆ ನಾನು ಎಳೆದುಕೊಳ್ಳಲಿ ಎಂದು ಕಾದರು. ಕೊನೆಗೆ ಇಬ್ಬರೂ ತಡೆಯಲಾರದೆ ಒಟ್ಟಿಗೇ ಹಾ ಎಂದು ಬಾಯಿ ಬಿಟ್ಟೆವು. ಹಾಡಿನ ನಡುವೆ ಹೊಂಡ.

"ಏನ್ರಮ್ಮಾ, ಒಬ್ಬರಿಗೊಬ್ಬರು ಬಾಗಿಲು ಹಿಡ್ಕೊಂಡು ನಿಂತಿದೀರಾ?" ಎಂದರು ಮೇಷ್ಟ್ರು. ಬೇಕರಿಯವನು ನಕ್ಕು ನಕ್ಕು ತಾಳ ತಪ್ಪಿದ.

ಅನೌನ್ಸರಮ್ಮ ನನ್ನ ಮೊಣಕೈ ಹಿಡಿದು, "ಇನ್ನು ಮೇಲೆ ಉಸಿರು ಬೇಕಾದಾಗ ಹಿಂಗೆ ಚಿವುಟ್ತೀನಿ. ನೀನೂ ಚಿವುಟು. ದಾಕ್ಷಿಣ್ಯ ಬೇಡ," ಎಂದರು.

ಕೈ ಕೆಂಪಾಗಿದೆ. ಮೂರನೆಯ ಸಲ ಹಾಡಿದಾಗ ಎಲ್ಲೂ ಹರಿಯಲಿಲ್ಲ. ಬೇರೆಯವರ ಉಸಿರಿನ ಮೇಲೆ ನಿಂತು ಹಾಡುವುದು ನನಗೆ ಹೊಸದು. ಮುಂದೆ ನಿಂತವಳಿಗೆ ಇದು ಗೊತ್ತಿರುವುದಿಲ್ಲ.

ಫೆಬ್ರವರಿ ೨೨, ಭಾನುವಾರ

ಬರೆಯಲೇಬೇಕು, ಮರೆಯುವ ಮೊದಲು.

ಬೆಳಿಗ್ಗೆ ಪಾತ್ರೆ ಒರೆಸುತ್ತಾ ನನ್ನ ಟುಕ್ ಟುಕ್ ಹೇಳಿಕೊಳ್ಳುತ್ತಿದ್ದೆ. ಇವರು ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಲಿಫ್ಟಿನ ಯಾವುದೋ ಸ್ವಿಚ್ಚು ಬಿಚ್ಚಿಟ್ಟುಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಅಡಿಯಿಂದ ದಪ್ಪ ದನಿಯಲ್ಲಿ ಆ ಹಾಡಿನ ಬೇಸ್, ಅಂದರೆ ತಳದ ಸ್ವರಗಳನ್ನು, ಶುರು ಮಾಡಿದರು. ಪ್ರತಿ ಹೆಜ್ಜೆಯೂ ಸರಿಯಾಗಿ.

"ನಿಮಗೆ ಇದು ಬರುತ್ತಾ?"

"ಬರದೆ ಏನು? ಡಿಸ್ಕ್ ಸವೆಯೋ ತನಕ ಕೇಳಿದ್ದೀನಿ."

"ಇಷ್ಟು ವರ್ಷದಲ್ಲಿ ಒಂದು ದಿನ ಹೇಳಿಲ್ಲ!"

"ನಿನ್ನ ಎದುರಿಗೆ ಯಾರು ಹೇಳ್ತಾರೆ? ಆ ತರಹದ್ದು ಸಂಗೀತಾನೇ ಅಲ್ಲ ಅಂತ ತೀರ್ಪು ಕೊಟ್ಟಾಗಿತ್ತಲ್ಲ. ನಿಲ್ಲಿಸಬೇಡ, ನಿಲ್ಲಿಸಬೇಡ, ಈಗ ಬದಲಾಗುತ್ತೆ ನೋಡು."

ಆಗ ಅದು ಆಯಿತು. ನಾನು ನನ್ನ ಸ್ವರವನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ಇವರು ಕೆಳಗೆ ಒಂದು ಹೆಜ್ಜೆ ಇಳಿದರು. ನನ್ನ ಸ್ವರ ಬೇರೆಯಾಯಿತು! ತಣ್ಣಗೆ ಕೂತಿದ್ದದ್ದು ಗಾಯದಂತೆ ತೆರೆದುಕೊಂಡಿತು. ಇವರು ಇನ್ನೊಂದು ಕಡೆಗೆ ಸರಿದರು. ಅದೇ ಸ್ವರ ಈಗ ಯಾರೋ ಕಿಟಕಿ ದೂಡಿದ ಹಾಗೆ ಬೆಳಕಾಯಿತು. ಮತ್ತೊಂದು ಹೆಜ್ಜೆಗೆ ಅಲ್ಲಿ ಇರಬಾರದ ನೆಂಟನಂತೆ ಇರಿಸುಮುರಿಸಾಯಿತು. ಮತ್ತೆ ಮನೆಗೆ ಬಂದಿತು. ನಾನು ನಿಂತಲ್ಲೇ ನಿಂತಿದ್ದೆ.

ನಾನು ಬಲ್ಲ ಸಂಗೀತದಲ್ಲಿ ಶ್ರುತಿ ಎಂದರೆ ನೆಲ. ಅದು ಕದಲುವುದಿಲ್ಲ, ಅದರ ಮೇಲೆ ಹಾಡು ತಿರುಗಾಡುತ್ತದೆ. ಇಲ್ಲಿ ನೆಲವೇ ತಿರುಗಾಡುತ್ತದೆ. ಆ ನಗಲೊಲ್ಲದ ನಾಲ್ವರು, ಕೂದಲನ್ನು ಓರೆಯಾಗಿ ಕತ್ತರಿಸಿಕೊಂಡವರು, ಇದನ್ನು ಒಂದು ಬೆರಳಿನಿಂದ ಮಾಡಿದ್ದಾರೆ. ಒಂದು ಬೆರಳು! ಹಾಡುವವಳು ಯಾಕೆ ಅಳುವುದಿಲ್ಲ ಎಂದೂ ಗೊತ್ತಾಯಿತು. ಅಳುವ ಕೆಲಸವನ್ನು ನೆಲ ಮಾಡುತ್ತಿದೆ.

"ಇನ್ನೊಂದ್ಸಲ ರೀ," ಎಂದೆ. "ಸ್ವಿಚ್ಚು ಆಮೇಲೆ ಜೋಡಿಸಿ."

ಎಷ್ಟು ಸಲ ಆಯಿತೋ. ಕೊನೆಗೆ ಪಕ್ಕದ ಮನೆಯವರು ಗೋಡೆ ಬಡಿದರು. ಆ ಬಡಿತವೂ ತಾಳಕ್ಕೆ ಸರಿಯಾಗಿತ್ತು.

ಫೆಬ್ರವರಿ ೨೪, ಮಂಗಳವಾರ

ಕಣ್ಣು ಪರೀಕ್ಷೆಗೆ ಬಂದ ಹಿರಿಯರೊಬ್ಬರು ಅಕ್ಷರಗಳ ಪಟ್ಟಿ ಓದುತ್ತಿದ್ದವರು ನಿಲ್ಲಿಸಿ, "ಮೇಡಂ, ನಿಮ್ಮ ಮಿಷನ್ ಏನೋ ಸದ್ದು ಮಾಡ್ತಿದೆ," ಎಂದರು.

ಮಿಷನ್ನಲ್ಲ, ನಾನು. ಲೆನ್ಸ್ ಬದಲಿಸುತ್ತಾ ಬದಲಿಸುತ್ತಾ ಟುಕ್ ಟುಕ್ ಎನ್ನುತ್ತಿದ್ದೆ. ಅಕ್ಷರ ಅದೇ, ಲೆನ್ಸ್ ಬೇರೆ; ಇದು ಸ್ಪಷ್ಟವೋ, ಇದೋ? ದಿನವೂ ಇದೇ ಕೆಲಸ ಮಾಡುವವಳಿಗೆ ಆ ಹಾಡು ಅರ್ಥವಾಗಲು ಇಷ್ಟು ದಿನ ಬೇಕಾಯಿತಲ್ಲ.

ಅಭ್ಯಾಸಕ್ಕೆ ಬೇಗ ಹೋದೆ. ನೆಲಮಾಳಿಗೆಯ ಬೀಗ ಇನ್ನೂ ತೆಗೆದಿರಲಿಲ್ಲ.

ಮಾರ್ಚ್ ೩, ಮಂಗಳವಾರ

ಮೊದಲ ಸಲ ಕೊಳದಲ್ಲಿ. ಏಣಿ ಹಿಡಿದು ಒಬ್ಬೊಬ್ಬರಾಗಿ ಆಳದ ಕಡೆಗೆ ಇಳಿದೆವು. ತಿಳಿನೀಲಿ ಟೈಲುಗಳ ಗೋಡೆ, ತಳದಲ್ಲಿ ಕಪ್ಪು ಗೆರೆಗಳು, ತಲೆಯಿಂದ ಬಹಳ ಮೇಲೆ ದಡ. ಈಜು ಬಾರದ ಬೇಕರಿಯವನು ಕೊನೆಯ ಮೆಟ್ಟಿಲಲ್ಲಿ ನಿಂತು, "ನೀರಿಲ್ಲ ಅಂತ ಗೊತ್ತು, ಆದ್ರೂ ಕಾಲು ಕೇಳ್ತಿಲ್ಲ," ಎಂದ.

ಹಾಡಲು ಶುರು ಮಾಡಿದರೆ ಎಲ್ಲವೂ ಗಂಜಿ. ಅಲ್ಲಿ ಒಂದು ಶಬ್ದ ಹುಟ್ಟಿದರೆ ಸಾಯುವುದೇ ಇಲ್ಲ; ಗೋಡೆಯಿಂದ ಗೋಡೆಗೆ ಓಡಾಡಿಕೊಂಡಿರುತ್ತದೆ. ನಮ್ಮ ಟುಕ್ ಟುಕ್ ಒಂದಕ್ಕೊಂದು ಅಂಟಿಕೊಂಡು ಸೊಳ್ಳೆಯ ಗುಂಯ್‌ಗುಡುವಿಕೆ ಆಯಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ನಾನು ಅನೌನ್ಸರಮ್ಮನಿಗೆ ಹೇಳಿದೆ: ನಾಲಿಗೆಯ ತುದಿಯಿಂದ ಮಾತ್ರ, ಬಿಸಿ ಮುಟ್ಟಿದ ಹಾಗೆ, ಮುಟ್ಟಿದ ತಕ್ಷಣ ಕೈ ಹಿಂದಕ್ಕೆ. ಹಾಗೆ ಹಾಡಿದೆವು. ಸ್ವರಗಳು ಮತ್ತೆ ಬಿಡಿ ಬಿಡಿಯಾದವು, ಟೈಲಿನಿಂದ ಟೈಲಿಗೆ ಪುಟಿದವು. "ಅದೇ! ಅದೇ!" ಎಂದು ಮೇಷ್ಟ್ರು ಕೂಗಿದರು. ಆ ಕೂಗು ಪಲ್ಲವಿ ಮುಗಿಯುವವರೆಗೂ ಅಲ್ಲೇ ಸುತ್ತಾಡುತ್ತಿತ್ತು.

ಒಂದು ತೊಂದರೆ ಮಾತ್ರ ಹಾಗೇ ಉಳಿದಿದೆ. ಈ ಹಾಡಿಗೆ ಮುಕ್ತಾಯವೇ ಇಲ್ಲ. ಡಿಸ್ಕಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತಾ, ಯಾರೋ ಗುಂಡಿ ತಿರುಗಿಸಿ ಸದ್ದನ್ನು ಇಳಿಸಿದ್ದಾರೆ. ಅವರು ಇನ್ನೂ ಹಾಡುತ್ತಲೇ ಇದ್ದಾರೆ, ನಮಗೆ ಕೇಳುತ್ತಿಲ್ಲ ಅಷ್ಟೆ. ಮನುಷ್ಯರಿಗೆ ಎಲ್ಲಿದೆ ಆ ಗುಂಡಿ? ಎಲ್ಲರೂ ಸೇರಿ ಮೆತ್ತಗಾಗಲು ನೋಡಿದೆವು. ಕಾಯಿಲೆ ಬಿದ್ದವರಂತೆ ಕೇಳಿಸಿತು. ಕೊನೆಯಲ್ಲಿ ಢಂ ಎಂದು ನಿಲ್ಲಿಸಿದೆವು, ಔಷಧದಂಗಡಿಯ ಹುಡುಗಿ ಕೂಡಲೇ ಹೇಳಿದಳು, "ಛೆ, ಫೋನ್ ಎತ್ತಿಬಿಟ್ಟ ಹಾಗಾಯ್ತು."

ಸರಿಯಾದ ಮಾತು. ಎತ್ತಬಾರದು.

ಮಾರ್ಚ್ ೫, ಗುರುವಾರ

ಮಧ್ಯಾಹ್ನ ಮೇಷ್ಟ್ರು ಅಂಗಡಿಗೇ ಬಂದರು. ಕನ್ನಡಕದ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿ ಇಟ್ಟರು. ಕೊಳ್ಳಲು ಬಂದವರು ಹಾಗೆ ನೋಡುವುದಿಲ್ಲ.

"ಆ ಹುಡುಗಿ ಆಗಲ್ಲ ಅಂತಾಳೆ," ಎಂದರು. "ಎಷ್ಟು ಹೇಳಿದ್ರೂ ದನಿ ನಡುಗಿಸ್ತಾಳೆ. ಸುಮ್ಮನೆ ಹೇಳು ತಾಯಿ ಅಂದ್ರೆ, ಸುಮ್ಮನೆ ಹಾಡೋದೇ ಕಷ್ಟ ಸರ್ ಅಂತಾಳೆ. ನೆಗಡಿ ಬೇರೆ ಹಿಡಿದಿದೆ. ನಾನು ಶ್ರುತಿ ಇಳಿಸಿ ನೋಡಿದೆ. ಇಳಿಸಿದ್ರೆ ನಿಮ್ಮ ಗಂಟಲಿಗೆ ಸರಿಹೋಗುತ್ತೆ. ಮುಂದಕ್ಕೆ ಬನ್ನಿ."

ಗಾಜಿನ ಕಪಾಟು ಒರೆಸುತ್ತಿದ್ದ ನನ್ನ ಕೈ ನಿಂತಿತು.

"ಈಗಲೇ ಹೇಳಬೇಡಿ. ಶನಿವಾರ ಒಂದು ಸಲ ಹಾಡಿ ನೋಡಿ."

ಅವರು ಹೋದ ಮೇಲೆ ಬಂದ ಗಿರಾಕಿಗೆ ಎಡಗಣ್ಣಿನ ಲೆನ್ಸನ್ನು ಬಲಗಣ್ಣಿಗೆ ಹಾಕಿದೆ. ಬೇಕು ಅಂದುಕೊಂಡದ್ದು ತಾನೇ ನಡೆದು ಅಂಗಡಿಗೆ ಬಂದಿದೆ. ಇವರಿಗೆ ಹೇಳಿದೆ; ನನಗಿಂತ ಇವರೇ ಜಾಸ್ತಿ ಕುಣಿದರು.

ಮಾರ್ಚ್ ೭, ಶನಿವಾರ

ಚೆನ್ನಾಗಿ ಹಾಡಿದೆ. ಅದರಲ್ಲಿ ಅನುಮಾನವಿಲ್ಲ. ತಗ್ಗಿನಲ್ಲಿ ನನ್ನ ಧ್ವನಿಗೆ ಹೊಸ ಬಣ್ಣ ಬಂದಿದೆ ಎಂದು ಎಲ್ಲರೂ ಹೇಳಿದರು. ಕನ್ನಡಿ ಇದ್ದ ಗೋಡೆ ಎಂಬ ಕಡೆ ಇಬ್ಬರು ಕಣ್ಣೊರೆಸಿಕೊಂಡರು. ಮೇಷ್ಟ್ರು ಸೀಮೆಸುಣ್ಣವಿಲ್ಲದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡರು.

ಅದೇ ತಪ್ಪು. ಈ ಹಾಡಿನಲ್ಲಿ ಯಾರೂ ಕಣ್ಣೊರೆಸಿಕೊಳ್ಳಬಾರದು. ನನಗೆ ಗೊತ್ತಿದೆ, ಆದರೂ ಆ ಸಾಲು ಬಂದಾಗ ನನ್ನ ಗಂಟಲು ತಾನಾಗಿ ಬಾಗಿತು. ವರ್ಷಗಟ್ಟಲೆ ಹಾಗೆ ಬಾಗಿಸಿ ಅಭ್ಯಾಸ. ಖಾಲಿ ಮನೆಯ ಪ್ರತಿ ಕೋಣೆಗೂ ನಾನು ಹೋಗಿ ದೀಪ ಹಚ್ಚಿಬಿಟ್ಟೆ.

ಇನ್ನೂ ಒಂದಿದೆ. ಮುಂದೆ ನಿಂತಾಗ ನೆಲ ಜರುಗಿದ್ದು ನನಗೆ ತಿಳಿಯಲೇ ಇಲ್ಲ. ಎಲ್ಲ ಬೆನ್ನ ಹಿಂದೆ ನಡೆಯುತ್ತಿತ್ತು. ನಾನು ನನ್ನ ಹಾಡಿನ ಜೊತೆ ಓಡಾಡುತ್ತಿದ್ದೆ; ಓಡಾಡುವವರಿಗೆ ನೆಲ ಓಡಾಡುವುದು ಹೇಗೆ ಗೊತ್ತಾಗಬೇಕು? ಹಿಂದೆ ಅನೌನ್ಸರಮ್ಮ ಒಬ್ಬರೇ ಟುಕ್ ಟುಕ್ ಎಂದು ಎಳೆಯುತ್ತಿದ್ದರು. ಅಲ್ಲಲ್ಲಿ ಉಸಿರಿಗೆಂದು ಹೊಂಡ ಬೀಳುತ್ತಿತ್ತು. ಪ್ರತಿ ಹೊಂಡಕ್ಕೂ ನನ್ನ ಮೊಣಕೈ ತಾನಾಗಿ ಸೆಳೆದುಕೊಳ್ಳುತ್ತಿತ್ತು.

ಮಾರ್ಚ್ ೮, ಭಾನುವಾರ

ಮೇಷ್ಟ್ರಿಗೆ ಫೋನ್ ಮಾಡಿ, ನಾನು ಹಿಂದಿನ ಸಾಲಿಗೇ ಹೋಗುತ್ತೇನೆ ಎಂದೆ.

"ಗಂಟಲು ನೋವಾ?"

"ಇಲ್ಲ. ಅಲ್ಲಿಂದ ಹಾಡು ಚೆನ್ನಾಗಿ ಕೇಳುತ್ತೆ."

"ಮುಂದೆ ಯಾರನ್ನ ನಿಲ್ಲಿಸಲಿ ಹೇಳಿ ಹಾಗಾದ್ರೆ. ನನ್ನನ್ನಾ?"

"ಅನೌನ್ಸರಮ್ಮನ್ನ."

"ಅವರು ಹಾಡಲ್ಲ ಕಣ್ರೀ, ಓದ್ತಾರೆ!"

"ಇದನ್ನ ಓದಬೇಕು ಮೇಷ್ಟ್ರೇ."

ಮಾರ್ಚ್ ೧೦, ಮಂಗಳವಾರ

ನನ್ನ ಕಿವಿಯಲ್ಲಿ ಇನ್ನೂ ಇದೆ, ಅವಸರಕ್ಕೆ ಅಕ್ಷರ ಸೊಟ್ಟಗಾದರೆ ಆಗಲಿ.

ಅನೌನ್ಸರಮ್ಮ ಮೊದಲು ಒಪ್ಪಲಿಲ್ಲ. "ತಮಾಷೆ ಮಾಡ್ತೀರಾ? ಎಲ್ಲರೂ ಬಾಯಿ ಮುಚ್ಕೊಂಡು ನಗೋಕೆ?" ಎಂದು ಚೀಲ ಎತ್ತಿಕೊಂಡು ಏಣಿಯ ಕಡೆ ಹೊರಟೇಬಿಟ್ಟರು. ನಾನು ಸೆರಗು ಹಿಡಿದಂತೆ ಅವರ ಚೀಲ ಹಿಡಿದೆ. "ಅಮ್ಮ, ನೀವು ಗಾಡಿ ತಡ ಅಂತ ಓದಿದಾಗ ಯಾರಾದ್ರೂ ನಗ್ತಿದ್ರಾ?"

"ನಗೋದಾ? ನನ್ನೇ ಬೈಕೊಳ್ತಿದ್ರು."

"ಯಾಕೆ?"

"ಇಷ್ಟು ಜನಕ್ಕೆ ಇಷ್ಟು ತೊಂದರೆ ಆಗಿದೆ, ಈಯಮ್ಮನಿಗೆ ಏನೂ ಅನಿಸಲ್ವಲ್ಲ ಅಂತ." ಅವರು ಚೀಲ ಕೆಳಗಿಟ್ಟರು. "ಅನಿಸ್ತಿತ್ತಮ್ಮ. ಅನಿಸಿದ್ದನ್ನ ಹೇಳೋ ಕೆಲಸ ನನ್ನದಲ್ಲ ಅಷ್ಟೆ."

"ಈ ಹಾಡಿನವಳಿಗೂ ಅದೇ."

ಮೇಷ್ಟ್ರು ತಾಳ ಹಾಕಿದರು. ಬೇಕರಿಯವನು ಟಿಕ್ ಟಿಕ್ ಎಂದ. ಅವರು ಕೈ ಕಟ್ಟಿ ನಿಂತು ಕೋಣೆಗಳನ್ನು ಹೇಳಿದರು: ಹಜಾರ, ಮೆಟ್ಟಿಲ ಕೆಳಗೆ, ಕನ್ನಡಿ ಇದ್ದ ಗೋಡೆ. ಗಾಡಿ ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತದೆ, ಮೂರನೆಯದರಿಂದ ಹೊರಡುತ್ತದೆ ಎಂಬಂತೆ. ದಯವಿಟ್ಟು ಎತ್ತಬೇಡಿ ಎಂದು ಅವರು ಹೇಳಿದಾಗ, ಮೈಲಿಗಟ್ಟಲೆ ದೂರದ ಒಂದು ಕೋಣೆಯಲ್ಲಿ ಧೂಳು ಮಿಸುಕಾಡಿದ್ದು ನನಗೆ ಕಂಡಿತು. ಇದು! ಆ ಮೂರು ನಿಮಿಷದ ಡಿಸ್ಕಿನೊಳಗೆ ಇಷ್ಟು ಜಾಗ ಇತ್ತು, ನಾನು ಕಿಟಕಿ ಮುಚ್ಚಿಕೊಂಡು ಕೂತಿದ್ದೆ!

ಪಲ್ಲವಿ ಮುಗಿದಾಗ ಯಾರೂ ನಗಲಿಲ್ಲ. ಅನೌನ್ಸರಮ್ಮನೇ ಕೇಳಿದರು, "ಆಯ್ತಾ? ಅಷ್ಟೇನಾ?" ಬೇಕರಿಯವನು ಬಾಗಿ ಅವರ ಕಾಲು ಮುಟ್ಟಲು ಹೋದ, ಅವರು ಬೆನ್ನಿಗೆ ಗುದ್ದಿದರು.

ನನ್ನ ಪಕ್ಕದ ಜಾಗ ಖಾಲಿಯಾಯಿತು. ನೆಗಡಿ ಹಿಡಿದಿದ್ದ ಔಷಧದಂಗಡಿಯ ಹುಡುಗಿ ಬಂದು ನಿಂತಳು. "ಅಕ್ಕಾ, ಮೂಗು ಕಟ್ಟಿದೆ, ಆದ್ರೆ ಒಂದು ಸ್ವರ ಬರುತ್ತೆ. ಸೇರ್ಕೊಳ್ಳಾ?"

"ಉಸಿರು ಬೇಕಾದಾಗ ಚಿವುಟಬೇಕು," ಎಂದೆ. "ದಾಕ್ಷಿಣ್ಯ ಬೇಡ."

ಚಿವುಟಿದಳು. ಉಗುರು ಉದ್ದ ಬಿಟ್ಟಿದ್ದಾಳೆ.

ಮಾರ್ಚ್ ೧೭, ಮಂಗಳವಾರ

ಗುಂಡಿ ಸಿಕ್ಕಿತು. ಏಣಿಯೇ ಗುಂಡಿ.

ಸಲಹೆ ಬೇಕರಿಯವನದು, ಅದೂ ಭಯದಿಂದ ಬಂದದ್ದು. "ನಾನಂತೂ ಹಾಡು ಮುಗಿಯೋ ಮೊದಲೇ ಹತ್ತಿಬಿಡ್ತೀನಿ," ಎಂದ. ಮೇಷ್ಟ್ರು ತಲೆ ಎತ್ತಿ ಅವನನ್ನೇ ನೋಡಿದರು, ಆಮೇಲೆ ಏಣಿಯನ್ನು. ಕೊನೆಯ ಪಲ್ಲವಿ ಸುತ್ತು ಹಾಕುತ್ತಿರುವಾಗ ನಾವು ಒಬ್ಬೊಬ್ಬರಾಗಿ ಹಾಡುತ್ತಲೇ ಏಣಿ ಹತ್ತುವುದು, ಹಾಡುತ್ತಲೇ ಬಟ್ಟೆ ಬದಲಿಸುವ ಕೋಣೆಗಳ ದಾರಿಯಲ್ಲಿ ದೂರ ನಡೆಯುವುದು. ಯಾರೂ ನಿಲ್ಲಿಸುವುದಿಲ್ಲ. ಕೇಳುವವರಿಗೆ ಕೇಳದಾಗುತ್ತದೆ ಅಷ್ಟೆ.

ಮೊದಲು ಡ್ರಮ್. ಆಮೇಲೆ ಮೇಲಿನ ದನಿಗಳು. ಅನೌನ್ಸರಮ್ಮ. ಬೇಸ್. ಕೊನೆಗೆ ಉಳಿಯುವುದು ನಾವಿಬ್ಬರು. ಅದರಲ್ಲೂ ಆ ಹುಡುಗಿ ಹತ್ತಿದ ಮೇಲೆ ನಾನೊಬ್ಬಳು. "ಆಮೇಲೆ ಒಂದು ಉಸಿರು, ಸಣ್ಣಗೆ ಮಾಡ್ತಾ ಮಾಡ್ತಾ ಮುಗಿಸಿಬಿಡಿ," ಎಂದರು ಮೇಷ್ಟ್ರು. "ನಾನು ದಡದಲ್ಲಿ ಇರ್ತೀನಿ, ಕೈ ತೋರಿಸ್ತೀನಿ."

ಮಾಡಿ ನೋಡಿದೆವು. ಬೇಸ್ ಹಾಡುವವರೂ ಹತ್ತಿ ಹೋದರು. ಕೆಳಗೆ ನೆಲವೇ ಇಲ್ಲ. ನನ್ನ ಸ್ವರ ದುಃಖವೋ ಸಂತೋಷವೋ ಹೇಳಲು ಯಾರೂ ಇಲ್ಲ. ಎಷ್ಟು ಹಾಡಿದ್ದೇನೆ ಬದುಕಿನಲ್ಲಿ, ಇಷ್ಟು ಬರಿದಾಗಿ ಎಂದೂ ನಿಂತಿಲ್ಲ. ಸರಿಯಾಗಿ ಬರಲಿಲ್ಲ, ಉಸಿರು ಅರ್ಧಕ್ಕೇ ಒಡೆಯಿತು, ದನಿ ಕರಕರ ಎಂದಿತು. ದಪ್ಪಗಾದ ಪಟ್ಟಿಗಳು.

"ಶನಿವಾರ ಕಾರ್ಯಕ್ರಮದಲ್ಲಿ ಸರಿಯಾಗಿ ಬರುತ್ತೆ ಬಿಡಿ," ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ.

ಬರದಿದ್ದರೆ ಜನ ಕೊನೆಗೆ ಕೇಳಿಸಿಕೊಳ್ಳುವುದು ಅದನ್ನೇ, ಆ ಕರಕರವನ್ನು. ನಾನೂ; ಇದಾದ ಮೇಲೆ ಹಾಡುವುದಿಲ್ಲವಲ್ಲ.

ಮಾರ್ಚ್ ೨೦, ಶುಕ್ರವಾರ

ನಾಳೆ. ಇವರು ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದಾರೆ. ಹಾಡುವುದು ನಾನು.

ಮಾರ್ಚ್ ೨೨, ಭಾನುವಾರ

ನಿನ್ನೆ ಸಂಜೆ, ಬೆಳಕಿರುವಾಗಲೇ. ಚಾವಣಿಯ ಗಾಜಿನಿಂದ ಬಿಸಿಲು ಇಳಿದು ಕೊಳದ ಅರ್ಧ ಗೋಡೆಯವರೆಗೆ ಬಂದಿತ್ತು, ನಾವು ನೆರಳಿನಲ್ಲಿ. ಮೇಲೆ ದಡದ ಉದ್ದಕ್ಕೂ ಚಪ್ಪಲಿಗಳ, ಮೊಣಕಾಲುಗಳ ಸಾಲು. ಇವರು ನೀರಿಗೆ ಹಾರುವ ಹಲಗೆಯ ಪಕ್ಕದಲ್ಲೇ ಜಾಗ ಹಿಡಿದಿದ್ದರು.

ಹಿಂದಿನ ಹಾಡುಗಳು ಹೇಗೆ ಆದವೋ ನೆನಪಿಲ್ಲ. ಬೇಕರಿಯವನ ಮೊದಲ ಟಿಕ್ ಬಿದ್ದ ಕೂಡಲೇ ದಡದ ಮೇಲೆ ಗುಜುಗುಜು ಎದ್ದಿತು: ಅದೇ, ಅದೇ ಹಾಡು. ನಾವು ಶುರು ಮಾಡಿದೆವು. ಹುಡುಗಿಯ ಉಗುರು, ನನ್ನ ಉಗುರು, ಒಂದು ಹೊಂಡ ಇಲ್ಲ. ಅನೌನ್ಸರಮ್ಮ ಕೋಣೆಗಳನ್ನು ಹೇಳಿದರು. ಮೊದಲ ಪಲ್ಲವಿಗೇ ಮೊಣಕಾಲುಗಳು ಕುಣಿಯತೊಡಗಿದವು. ನೆಲ ಇಳಿಯಿತು, ಸರಿಯಿತು, ತಿರುಗಿತು, ನಾನು ಅದರ ಮೇಲೆ ನಿಂತಲ್ಲೇ ನಿಂತು ಊರೆಲ್ಲ ಸುತ್ತಿದೆ. ಎರಡನೆಯ ಪಲ್ಲವಿಗೆ ದಡವೇ ಹಾಡುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ನನ್ನ ಸ್ವರವನ್ನು ಹಾಡುತ್ತಿರಲಿಲ್ಲ, ಒಬ್ಬರಿಗೂ ಅದು ಕೇಳಿಸುತ್ತಲೂ ಇರಲಿಲ್ಲ, ಆದರೆ ಎಲ್ಲರ ಮೊಣಕಾಲಲ್ಲೂ ಅದೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ಆ ಹಾಡಿನಲ್ಲಿ ನಗಬಾರದು ಎಂದು ಗೊತ್ತು.

ಬೇಕರಿಯವನು ಹತ್ತಿದ. ಮೇಲಿನ ದನಿಗಳು ಹತ್ತಿದವು. ಅನೌನ್ಸರಮ್ಮ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಚೀಲ, ಎತ್ತಬೇಡಿ ಎಂದು ಹೇಳ ಹೇಳುತ್ತಾ ದಡ ದಾಟಿ ಮರೆಯಾದರು. ಜನ ತಾವಾಗಿ ಹಾಡುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಬೇಸ್ ಹೋಯಿತು. ಹುಡುಗಿ ನನ್ನ ಮೊಣಕೈಯನ್ನು ಈ ಸಲ ಚಿವುಟಲಿಲ್ಲ, ಒಂದು ಸಲ ಹಿಡಿದು ಬಿಟ್ಟಳು. ಏಣಿಯ ಮೇಲೆ ಅವಳ ಚಪ್ಪಲಿಯ ಸದ್ದು.

ನಾನೊಬ್ಬಳು. ಟುಕ್ ಟುಕ್ ಟುಕ್. ಸಣ್ಣಗೆ, ಇನ್ನೂ ಸಣ್ಣಗೆ. ದನಿ ಕರಕರ ಎಂದಿತು. ಎನ್ನಲಿ ಎಂದು ಬಿಟ್ಟೆ. ನೀಲಿ ಟೈಲುಗಳು ಅದನ್ನೂ ತೆಗೆದುಕೊಂಡು ಸುತ್ತಾಡಿಸಿದವು. ಕೆಳಗೆ ಏನೂ ಇಲ್ಲ, ಮೇಲೆ ಏನೂ ಇಲ್ಲ, ಅದು ಏನನ್ನೂ ಹೇಳುತ್ತಿರಲಿಲ್ಲ, ಸುಮ್ಮನೆ ಇತ್ತು. ಎದೆಯಲ್ಲಿ ಗಾಳಿ ಮುಗಿಯುತ್ತಾ ಬಂತು. ದಡದ ಮೇಲಿಂದ ಮೇಷ್ಟ್ರು, ಸಾಕು, ಚೆನ್ನಾಗಿತ್ತು ಎಂದು ಕೈ ಇಳಿಸಿದರು.

ನಾನು ಉಸಿರು ಎಳೆದುಕೊಂಡೆ. ಕದ್ದಲ್ಲ, ಇಡೀ ಕೊಳಕ್ಕೆ ಕೇಳುವಂತೆ. ಮತ್ತೆ ಶುರು ಮಾಡಿದೆ.